ಎರಡು ಬಿಲ್ಲೆ, ಒಂದು ಮೊಳೆ

ಮೇ 4

ಪೂಜ್ಯ ಅತ್ತಿಗೆಯವರಿಗೆ ನಾದಿನಿಯ ಸಾಷ್ಟಾಂಗ ನಮಸ್ಕಾರ. (ಸಾಷ್ಟಾಂಗ ಕಾಗದದ ಮೇಲೆ ಮಾತ್ರ. ನಿಜವಾಗಿ ಬಗ್ಗಿದರೆ ಈಚೆಗೆ ತಲೆ ಸುತ್ತುತ್ತದೆ.)

ಮೊದಲು ಶುಭ ಸಮಾಚಾರ. ನನ್ನ ಹೃದಯ ಅತ್ಯುತ್ತಮ ಸ್ಥಿತಿಯಲ್ಲಿದೆ. ಇದು ನನ್ನ ಜಂಬವಲ್ಲ, ಮೂರು ಇಸಿಜಿಗಳ ಒಮ್ಮತದ ತೀರ್ಪು. ಮೂರನೆಯ ಸಲ ಹೋದಾಗ ಎದೆಗೆ ವೈರು ಅಂಟಿಸುವವಳು, "ಬಂದ್ರಾ ಅಕ್ಕ? ಹೋದ ಸಲದ್ದೇ ಇನ್ನೊಂದು ಪ್ರಿಂಟ್ ತೆಗೆದುಕೊಡ್ಲಾ?" ಅಂದಳು.

ಇಷ್ಟು ಒಳ್ಳೆಯ ಹೃದಯ ಇಟ್ಟುಕೊಂಡು ನಾನು ವಾರಕ್ಕೆ ಎರಡು ಸಲ ಸಾಯುತ್ತಿದ್ದೇನೆ. ಬಸ್ಸಿನಲ್ಲಿ ಸತ್ತೆ. ಪಕ್ಕದಾಕೆ ಬೀಗದಕೈ ಗೊಂಚಲು ತೆಗೆದು ಮನೆಯ ಕೀಲಿ ಹುಡುಕುತ್ತ ಸೊಸೆಯ ಪುರಾಣ ಶುರು ಮಾಡಿದ್ದಳು. ಸೊಸೆ ಕಥೆಯೊಳಗೆ ಕಾಲಿಡುವ ಮೊದಲೇ ನನ್ನ ಎದೆ ಡಬಡಬ, ಕೈ ಜೋಮು, ಗಂಟಲಿಗೆ ಯಾರೋ ಬಟ್ಟೆ ತುರುಕಿದ ಹಾಗೆ. ಕೂದಲು ಕತ್ತರಿಸುವ ಅಂಗಡಿಯಲ್ಲಿ ಸತ್ತೆ. ಆಕೆ ಕ್ಲಿಪ್ಪುಗಳನ್ನು ಸ್ಟೀಲ್ ತಟ್ಟೆಗೆ ಹಾಕಿ ಕತ್ತರಿ ಬದಲಿಸುವಷ್ಟರಲ್ಲಿ ಎದ್ದು ಓಡಿದೆ. ಆದ್ದರಿಂದ ಸದ್ಯ ನನ್ನ ತಲೆಯ ಎಡಭಾಗ ಫ್ಯಾಷನ್ನಿನದು, ಬಲಭಾಗ ನಮ್ಮಮ್ಮನ ಕಾಲದ್ದು. ಟೀ ಅಂಗಡಿಯಲ್ಲಿ ಸತ್ತೆ. ಅವನು ಲೋಟದಲ್ಲಿ ಚಮಚ ಆಡಿಸುತ್ತ "ಸಕ್ಕರೆ ಎಷ್ಟು?" ಅಂದದ್ದೇ ಕೊನೆಯ ಮಾತು ಅಂದುಕೊಂಡೆ. ಹತ್ತು ನಿಮಿಷ ಆದ ಮೇಲೆ ಬದುಕಿ, ಎರಡು ಚಮಚ ಅಂತ ಹೇಳಿದೆ.

ಫೋನು ಆಫ್ ಮಾಡಿ ಬೀರುವಿನಲ್ಲಿಟ್ಟಿದ್ದೇನೆ. ಅದು ಕೂಗಿದರೆ ನಾನೂ ಕೂಗುತ್ತೇನೆ. ಅದಕ್ಕೇ ಈ ಕಾಗದ.

ದಾಡಿ ಡಾಕ್ಟರು ಅಂತ ಒಬ್ಬರಿಗೆ ತೋರಿಸಿದೆ. "ಕಾರಣ ಇಲ್ದೆ ಬರೋದೇ ಇದರ ಲಕ್ಷಣ ಕಣಮ್ಮ. ಪ್ಯಾನಿಕ್ ಡಿಸಾರ್ಡರ್" ಅಂದರು. ಹಾಗೇ ಸುಮ್ಮನೆ, "ಹಿಂದೆ ಏನಾದ್ರೂ ಆಗಿತ್ತಾ?" ಅಂದರು. ಏನೂ ಇಲ್ಲ ಸಾರ್, ಹೋದ ವರ್ಷ ಜುಲೈ ಹನ್ನೆರಡಕ್ಕೆ ನಾನು, ನಮ್ಮತ್ತಿಗೆ ಇಬ್ಬರೂ ಮೈನಸ್ ಹದಿನೆಂಟು ಡಿಗ್ರಿಯಲ್ಲಿ ಬಟಾಣಿ ಜೊತೆ ನಲವತ್ತೇಳು ನಿಮಿಷ ಇದ್ದೆವು, ಅಷ್ಟೇ ಅಂದೆ. ಅವರು ಪೆನ್ನು ಕೆಳಗಿಟ್ಟರು.

ಎಲ್ಲ ಹೇಳಿದೆ. ಕೋಲ್ಡ್ ಸ್ಟೋರೇಜಿನಲ್ಲಿ ಒಳಗೆ ಹೋಗುವವರು ತಮ್ಮ ಹಿತ್ತಾಳೆ ಬಿಲ್ಲೆಯನ್ನು ಬಾಗಿಲ ಪಕ್ಕದ ಹಲಗೆಯ ಮೊಳೆಗೆ ನೇತುಹಾಕಬೇಕು, ಹೊರಗೆ ಬಂದಾಗ ತೆಗೆದುಕೊಳ್ಳಬೇಕು, ಹಲಗೆ ಖಾಲಿ ಇದ್ದರೆ ಮಾತ್ರ ಬಾಗಿಲು ಹಾಕಬೇಕು ಅಂತ. ಎಲ್ಲರೂ ಒಬ್ಬೊಬ್ಬರಿಗೆ ಒಂದೊಂದು ಮೊಳೆ ಹಿಡಿದರೆ, "ಒಂದೇ ಮನೆಯವರಿಗೆ ಎರಡು ಮೊಳೆ ಯಾಕೆ ದಂಡ?" ಅಂತ ನೀವು ನನ್ನ ಇಪ್ಪತ್ತೊಂದನ್ನೂ ನಿಮ್ಮ ಇಪ್ಪತ್ತೆರಡನ್ನೂ ಒಂದಕ್ಕೇ ಹಾಕುತ್ತಿದ್ದಿರಿ ಅಂತ. ನಾವು ನಾಲ್ಕನೇ ರೂಮಿನಲ್ಲಿ ಕ್ರೇಟು ಜೋಡಿಸುತ್ತಿದ್ದೆವು ಅಂತ. ನಡುವೆ ನೀವು ಒಂದಕ್ಕೆ ಹೋಗಿಬಂದದ್ದನ್ನೂ ಹೇಳಿಬಿಟ್ಟೆ, ಬೇಜಾರು ಮಾಡಿಕೊಳ್ಳಬೇಡಿ, ಡಾಕ್ಟರ ಮುಂದೆ ನಾಚಿಕೆ ಇಲ್ಲ. ಆಮೇಲೆ ನಮ್ಮ ಸೂಪರ್ವೈಸರು ಗಡಿಯಾರ (ಮಾತಿಗೊಮ್ಮೆ ಮಣಿಕಟ್ಟು ನೋಡಿಕೊಳ್ಳುವ ಮಹಾನುಭಾವ) ಬಂದು, ನೇತಾಡುತ್ತಿದ್ದ ಎರಡೂ ಬಿಲ್ಲೆ ಕಂಡರೂ ಕಾಣದವನಂತೆ ಬಾಗಿಲು ಹಾಕಿ ದೀಪ ಆರಿಸಿದ. ಒಳಗಿನ ಹಿಡಿ ಐಸು ಕಟ್ಟಿ ತಿರುಗಲಿಲ್ಲ. ಆ ಹಿಡಿಗೆ ಹಿಂದಿನ ವಾರವಷ್ಟೇ ಅವನು ಪುಸ್ತಕದಲ್ಲಿ "ಸರಿ ಇದೆ" ಅಂತ ಬರೆದಿದ್ದ.

ಕತ್ತಲಲ್ಲಿ ನೀವು ಇದ್ದಕ್ಕಿದ್ದಂತೆ ಹದಿಮೂರರ ಮಗ್ಗಿ ಜೋರಾಗಿ ಹೇಳತೊಡಗಿದ್ದು, ನನಗೆ ಧೈರ್ಯ ತುಂಬಿದ್ದು, ಅದನ್ನೂ ಹೇಳಿದೆ. ಡಾಕ್ಟರಿಗೆ ನಿಮ್ಮ ಮೇಲೆ ಗೌರವ ಬಂತು.

ಕೊನೆಗೆ ಹೊರಗೆ ಬಿಟ್ಟಿದ್ದ ನಮ್ಮ ಚಪ್ಪಲಿ ನೋಡಿ ಅವನೇ ತೆರೆದ. ವಿಚಾರಣೆಯಲ್ಲಿ ಮಾತ್ರ, "ಹಲಗೆ ಖಾಲಿ ಇತ್ತು ಸಾರ್, ತಾಯಾಣೆ" ಅಂದ. ಬಿಲ್ಲೆಗಳನ್ನು ಮಾಯ ಮಾಡಿದವನೂ ಅವನೇ, ಇನ್ನಾರು! ನೀವು ಬರೆದ ಹೇಳಿಕೆಗೆ ನಾನೂ ಸಹಿ ಹಾಕಿದೆನಲ್ಲ, "ಎರಡೂ ಬಿಲ್ಲೆ ಮೊಳೆಯಲ್ಲೇ ಇದ್ದವು" ಅಂತ. ಅದರಿಂದ ಅವನ ಸೂಪರ್ವೈಸರ್ ಗಿರಿ ಹೋಯಿತು. ಈಗ ಥರ್ಮಾಮೀಟರ್ ಓದುವ ಕೆಲಸ. ಸಾಲದು ಅತ್ತಿಗೆ. ನಾನು ವಾರಕ್ಕೆ ಎರಡು ಸಲ ಸಾಯುತ್ತಿರುವಾಗ ಅವನು ದಿನಕ್ಕೆ ಮೂರು ಸಲ ಉಣ್ಣುತ್ತಿದ್ದಾನೆ. ಇದು ಯಾವ ನ್ಯಾಯ?

ಅಣ್ಣನಿಗೆ ಏನೂ ಹೇಳಬೇಡಿ.

ನಿಮ್ಮ ನಾದಿನಿ


ಮೇ 13

ನಾದಿನಿ ಮಹಾರಾಣಿಗೆ,

ಕಾಯಿಲೆ ಸಿಕ್ಕಿದ್ದಕ್ಕೆ ಅಭಿನಂದನೆ. ಆದರೆ ಜಂಬ ಬೇಡ. ನಿನ್ನದು ಎರಡೇ ಪದದ್ದು. ಇಲ್ಲಿಯ ಡಾಕ್ಟರಮ್ಮ ನನಗೆ ಕೊಟ್ಟಿರುವುದು 'ಆಘಾತದ ನಂತರದ ಒತ್ತಡದ ಕಾಯಿಲೆ'. ನಾಲ್ಕು ಪದ. ಹಿರಿ ಸೊಸೆಗೆ ಹಿರಿ ಕಾಯಿಲೆ. ಈ ಮನೆಯಲ್ಲಿ ಇದುವರೆಗೆ ನನಗೆ ಸಿಕ್ಕಿದ ಏಕೈಕ ಮರ್ಯಾದೆ.

ಅವರು ಕೇಳುವುದು ಒಂದೇ ಪ್ರಶ್ನೆ. "ಮೊದಲು ಚಿತ್ರ ಬರುತ್ತಾ, ಮೊದಲು ಎದೆ ಹೊಡ್ಕೊಳ್ಳುತ್ತಾ?" ನನಗೆ ಮೊದಲು ಚಿತ್ರ. ಫ್ರಿಜ್ಜಿನ ಬಾಗಿಲು 'ಚುಪ್' ಅಂದರೆ ಸಾಕು, ಅಡುಗೆಮನೆ ಮಾಯ, ನಾನು ನಾಲ್ಕನೇ ರೂಮಿನಲ್ಲಿ. ಎದೆ ಆಮೇಲೆ ಓಡಿಬರುತ್ತದೆ. ಫ್ರಿಜ್ಜನ್ನು ಪಕ್ಕದ ಮನೆಗೆ ದಾಟಿಸಿದ್ದೇನೆ. ನಿಮ್ಮಣ್ಣ ದಿನಾ ಹುಳಿ ಮಜ್ಜಿಗೆ ಕುಡಿದು, "ಏನು ಕಾಯಿಲೇನೋ, ಹಾಲಿಗೂ ಬಂದಿದೆ" ಅನ್ನುತ್ತಾರೆ. ಬಾಗಿಲು ತಾನೇ ಮುಚ್ಚಿಕೊಳ್ಳುವ ಬಸ್ಸಿಗೂ ಹತ್ತುವುದಿಲ್ಲ. ನಿನ್ನದಕ್ಕೆ ಚಿತ್ರವೇ ಇಲ್ಲ, ಬರೀ ಸದ್ದು. ಆದರೆ ಒಂದು ಸಲ ಎದೆ ಹತ್ತಿಕೊಂಡಿತೆಂದರೆ ಯಾವುದು ನಿನ್ನದು, ಯಾವುದು ನನ್ನದು ಅಂತ ಡಾಕ್ಟರಮ್ಮನಿಗೂ ಗೊತ್ತಾಗುವುದಿಲ್ಲವಂತೆ. ಎಷ್ಟೋ ಜನಕ್ಕೆ ಎರಡೂ ಕೂಡಿಯೇ ಇರುತ್ತವಂತೆ.

ಇನ್ನೊಂದು ಹುಚ್ಚು ಹೇಳುತ್ತೇನೆ, ನಗು. ಮನೆಯಲ್ಲಿರುವ ಎಲ್ಲ ಬಟ್ಟೆಯ ಜೇಬನ್ನೂ ಹೊಲಿದುಬಿಟ್ಟಿದ್ದೇನೆ. ನಿಮ್ಮಣ್ಣನ ಅಂಗಿಯದ್ದೂ ಸೇರಿ. ಆಫೀಸಿಗೆ ಪೆನ್ನು ಕಿವಿಗೆ ಸಿಕ್ಕಿಸಿಕೊಂಡು ಹೋಗುತ್ತಾರೆ, ಬಡಗಿಯ ಹಾಗೆ.

ಗಡಿಯಾರನ ವಿಷಯ. ಅವನನ್ನು ಸುಮ್ಮನೆ ಬಿಡಬೇಡ. ಟೀಗೆ ಉಪ್ಪು ಹಾಕು. ಗೋಡೆ ಗಡಿಯಾರ ಹತ್ತು ನಿಮಿಷ ಮುಂದೆ ತಿರುಗಿಸು, ಅವನಿಗೆ ಅದಕ್ಕಿಂತ ದೊಡ್ಡ ನರಕ ಬೇರೆ ಇಲ್ಲ. ಎಡಗಾಲಿನ ಚಪ್ಪಲಿ ಮಾತ್ರ ಬಚ್ಚಿಡು, ಎರಡೂ ಬಚ್ಚಿಟ್ಟರೆ ಕಳ್ಳತನ ಅನಿಸಿಕೊಳ್ಳುತ್ತದೆ, ಒಂದೇ ಆದರೆ ವಿಧಿಯಾಟ.

ನಿನ್ನ ಅತ್ತಿಗೆ


ಮೇ 24

ಸೇನಾಧಿಪತಿ ಅತ್ತಿಗೆಯವರಿಗೆ,

ಆಜ್ಞೆ ಪಾಲಿಸಲಾಗಿದೆ. ಉಪ್ಪಿನ ಟೀ ಪೂರ್ತಿ ಕುಡಿದು ಗಡಿಯಾರ ಲೋಟ ತೊಳೆದಿಟ್ಟ. ಒಂದು ಚಪ್ಪಲಿಯಲ್ಲಿ ಮನೆಗೆ ಹೋದ. ಗೋಡೆ ಗಡಿಯಾರ ನೋಡಿ, ತನ್ನ ಗಡಿಯಾರ ನೋಡಿ, ಮತ್ತೆ ಗೋಡೆ ನೋಡಿ, ಅಪರಾಧ ತನ್ನದೇ ಅಂತ ತನ್ನದನ್ನೇ ತಿದ್ದಿಕೊಂಡ. ಪ್ಯಾಕಿಂಗಿನ ಹೆಂಗಸರು ಅವನಿಗೆ 'ಬೀಗಪ್ಪ' ಅಂತ ಹೊಸ ಹೆಸರಿಟ್ಟಿದ್ದಾರೆ. ಊಟಕ್ಕೆ ಅವನು ಕೂತ ಬೆಂಚಿನಲ್ಲಿ ಯಾರೂ ಕೂರುವುದಿಲ್ಲ.

ಅವನು ಕಲಿತಿರುವ ನಾಟಕ ಕೇಳಿ. ಬಾಗಿಲು ಹಾಕುವುದು ಈಗ ಅವನ ಕೆಲಸವೇ ಅಲ್ಲ. ಆದರೂ ಯಾರಾದರೂ ಹಾಕಿದ ಕೂಡಲೆ ಓಡಿಬಂದು ಮತ್ತೆ ತೆಗೆದು, "ಯಾರಿದ್ದೀರಿ ಒಳಗೆ? ಯಾರಿದ್ದೀರಿ?" ಅಂತ ಒಂಬತ್ತು ಸಲ ಕೂಗುತ್ತಾನೆ. ನಾನು ಎಣಿಸಿದ್ದೇನೆ, ಎಂಟೂ ಅಲ್ಲ ಹತ್ತೂ ಅಲ್ಲ. ಮೈನಸ್ ಹದಿನೆಂಟರ ಬಾಗಿಲಲ್ಲಿ ನಿಂತು ಹಣೆ ತುಂಬ ಬೆವರು. ಎಂಥ ನಟ! ನನಗೆ ಸಿಟ್ಟು ಬಂದು, "ಈಗ ಕೂಗಿ ಏನ್ ಪ್ರಯೋಜನ ಮಾರಾಯ್ರೆ, ಆವತ್ತು ಕೂಗ್ಬೇಕಿತ್ತು" ಅಂದೆ. ಅವನು ಮಣಿಕಟ್ಟು ನೋಡಿಕೊಂಡು ಹೋದ.

ಹೊಸ ಒಳಹಿಡಿಯನ್ನೂ ಅವನೇ ಕೂಡಿಸಿದ್ದಾನೆ. ದಿನಾ ಬೆಳಗ್ಗೆ ಹತ್ತು ಸಲ ತಿರುಗಿಸಿ ನೋಡುತ್ತಾನೆ.

ನಿಮ್ಮ ಡಾಕ್ಟರಮ್ಮನ ಪ್ರಶ್ನೆ ನನಗೇ ಕೇಳಿಕೊಂಡೆ. ಮೊದಲು ಎದೆ, ಆಮೇಲೂ ಎದೆ, ಕೊನೆಗೂ ಎದೆ. ಚಿತ್ರ ಗಿತ್ರ ಏನಿಲ್ಲ. ಆ ನಲವತ್ತೇಳು ನಿಮಿಷದಲ್ಲಿ ನನಗೆ ನೆನಪಿರುವುದು ನಿಮ್ಮ ಮಗ್ಗಿ ಒಂದೇ. ಹದಿಮೂರೆಂಟ್ಲಿ ನೂರಾನಾಲ್ಕು. ಅದರ ಹಿಂದೆ ಏನಿತ್ತು ಅಂತ ನೋಡಲು ಹೋದರೆ ಗೋಡೆ.

ಸರಿ, ಈಗ ಮುಖ್ಯ ವಿಷಯ. ಉಪ್ಪು, ಚಪ್ಪಲಿ ಎಲ್ಲ ಮಕ್ಕಳಾಟ. ಜುಲೈ ಹನ್ನೆರಡಕ್ಕೆ ವರ್ಷ ತುಂಬುತ್ತದೆ. ಆ ದಿನ ನಾಲ್ಕನೇ ರೂಮಿನ ಹಿಂಗೋಡೆಯ ಥರ್ಮಾಮೀಟರ್ ತಪಾಸಣೆ, ಹನ್ನೊಂದೂವರೆಗೆ ಗಡಿಯಾರ ಒಬ್ಬನೇ ಒಳಗೆ ಹೋಗುತ್ತಾನೆ. ಉಳಿದವರೆಲ್ಲ ಆ ಹೊತ್ತಿಗೆ ಲೋಡಿಂಗಿನಲ್ಲಿ. ಚಳಿಗೆ ಕೈಗಡಿಯಾರ ನಿಲ್ಲುತ್ತದೆ ಅಂತ ಅದನ್ನೂ ಬಿಲ್ಲೆಯ ಜೊತೆ ಮೊಳೆಗೆ ಹಾಕಿ ಹೋಗುತ್ತಾನೆ. ಬಿಲ್ಲೆ ತೆಗೆಯುತ್ತೇನೆ. ಬಾಗಿಲು ಹಾಕುತ್ತೇನೆ. ದೀಪ ಆರಿಸುತ್ತೇನೆ. ಒಳಹಿಡಿ ತಿರುಗದ ಹಾಗೆ ಹೊರಗಿನ ಚಿಲಕಕ್ಕೆ ಕಬ್ಬಿಣದ ಪಿನ್ನು. ಆಮೇಲೆ ಅವನದೇ ಗಡಿಯಾರ ಹಿಡಿದು ನಲವತ್ತೇಳು ನಿಮಿಷ. ನಲವತ್ತಾರೂ ಅಲ್ಲ, ನಲವತ್ತೆಂಟೂ ಅಲ್ಲ. ನಾನು ಕ್ರೂರಿಯಲ್ಲ, ಕರಾರುವಾಕ್ಕು.

ಬಾಗಿಲು ತೆಗೆದು, "ಹಲಗೆ ಖಾಲಿ ಇತ್ತು ಸಾರ್" ಅನ್ನುತ್ತೇನೆ.

ಹೇಗಿದೆ?

ನಾದಿನಿ


ಜೂನ್ 6

ನಾದಿನಿಗೆ,

ಚೆನ್ನಾಗಿದೆ. ಆದರೆ ಅತಿಯಾಯಿತು. ಅವನಿಗೆ ವಯಸ್ಸಾಗಿದೆ, ಒಳಗೆ ಏನಾದರೂ ಹೆಚ್ಚುಕಮ್ಮಿ ಆದರೆ ನಿನ್ನನ್ನು ಬಿಡಿಸಲು ನಿಮ್ಮಣ್ಣ ಕಿವಿಗೆ ಪೆನ್ನು ಸಿಕ್ಕಿಸಿಕೊಂಡು ಪೊಲೀಸ್ ಠಾಣೆಗೆ ಬರಬೇಕಾಗುತ್ತದೆ. ಉಪ್ಪು ಸಾಕು. ಬೇಕಾದರೆ ಬಲಗಾಲಿನ ಚಪ್ಪಲಿಗೂ ಅನುಮತಿ ಕೊಡುತ್ತೇನೆ.

ಒಂದು ವಿಷಯ ಕೇಳುತ್ತೇನೆ, ತಮಾಷೆ ಮಾಡದೆ ಉತ್ತರ ಕೊಡು. ಬಸ್ಸಿನಲ್ಲಿ ಆದದ್ದು, ಕೂದಲಂಗಡಿಯಲ್ಲಿ ಆದದ್ದು, ಟೀ ಅಂಗಡಿಯಲ್ಲಿ ಆದದ್ದು. ಪ್ರತಿ ಸಲ ಎದೆ ಶುರುವಾಗುವ ಮೊದಲು ಕಿವಿಗೆ ಏನು ಕೇಳಿಸಿತು?

ಇಲ್ಲಿ ಬಿಸಿಲು ಜೋರು. ಎರಡು ಬೆರಳಿನ ತುದಿಗೆ ಸ್ಪರ್ಶ ಇನ್ನೂ ಬಂದಿಲ್ಲ. ಬಿಸಿ ಪಾತ್ರೆ ಹಿಡಿಯಲು ಅನುಕೂಲ.

ಅತ್ತಿಗೆ


ಜೂನ್ 15

ಅತ್ತಿಗೆಯವರಿಗೆ,

ನಿಮ್ಮ ಕಾಗದ ಓದಿ ವಿಳಾಸ ಇನ್ನೊಮ್ಮೆ ನೋಡಿದೆ. ಎಡಗಾಲಿನ ಚಪ್ಪಲಿಯ ತತ್ತ್ವ ಹೇಳಿದ ಅತ್ತಿಗೆ ಎಲ್ಲಿ, "ಅವನಿಗೆ ವಯಸ್ಸಾಗಿದೆ" ಅನ್ನುವ ಈ ಸಾಧ್ವಿ ಎಲ್ಲಿ! ಇದು ಅಣ್ಣನ ಕೆಲಸ. ನೀವು ಹೇಳಿದ್ದೀರಿ, ಅವನು ಹೆದರಿದ್ದಾನೆ, ಹೆದರಿಕೆ ನಿಮಗೆ ಅಂಟಿದೆ. ಹುಳಿ ಮಜ್ಜಿಗೆಯ ಮಹಿಮೆ.

ನೀವು ಊರು ಬಿಟ್ಟಿರಿ. ಅಣ್ಣನಿಗೆ ವರ್ಗ ಬಂತು, ಪೆಟ್ಟಿಗೆ ಕಟ್ಟಿದಿರಿ, ಹೋದಿರಿ. ನಾನು ದಿನಾ ಅದೇ ಬಾಗಿಲ ಮುಂದೆ ಹಾದು, ಅದೇ ಹಲಗೆಗೆ ಹೊಸ ಬಿಲ್ಲೆ ಹಾಕಿ ಒಳಗೆ ಹೋಗುತ್ತೇನೆ. ಈಗ ನನ್ನದು ಒಂಟಿ ಮೊಳೆ. ನಿಮ್ಮ ಕಾಯಿಲೆಗೆ ಕಾರಣ ಇದೆ, ಚಿತ್ರ ಇದೆ, ನಾಲ್ಕು ಪದ ಇವೆ. ನನಗೆ ಏನಿದೆ ಅತ್ತಿಗೆ? ಜನ, "ಇವಳಿಗೆ ಏನೂ ಆಗಿಲ್ಲ, ಸುಮ್ನೆ ಗಾಬರಿ ಸ್ವಭಾವ" ಅನ್ನುತ್ತಾರೆ. ನನಗೆ ಕಾರಣ ಬೇಕು. ಸಿಗಲಿಲ್ಲ ಅಂದರೆ ಅವನನ್ನೇ ಕಾರಣ ಮಾಡಿ ಒಳಗೆ ಹಾಕಿ ಚಿಲಕ ಹಾಕುತ್ತೇನೆ.

ಕಿವಿಗೆ ಏನು ಕೇಳಿಸಿತು ಅಂತೀರಲ್ಲ, ಕೇಳಿ. ಬಸ್ಸಿನಲ್ಲಿ ಕೀಲಿ ಗೊಂಚಲು, ಅಂಗಡಿಯಲ್ಲಿ ಕ್ಲಿಪ್ಪು ತಟ್ಟೆ, ಟೀಯವನ ಚಮಚ, ಮೊನ್ನೆ ತರಕಾರಿಯವಳು ತಕ್ಕಡಿಗೆ ತೂಕದ ಬಟ್ಟು ಹಾಕಿದ್ದು. ಲೋಕ ಅಂದಮೇಲೆ ಸದ್ದಿರುತ್ತದೆ. ಇದರಿಂದ ನಿಮ್ಮ ಡಾಕ್ಟರಮ್ಮನಿಗೆ ಏನು ಉಪಯೋಗ? ಹಾಡು ಕಟ್ಟುತ್ತಾರಾ?

ಪಿನ್ನು ವರ್ಕ್‌ಶಾಪಿನಿಂದ ತಂದಿಟ್ಟುಕೊಂಡಿದ್ದೇನೆ. ಹನ್ನೆರಡರವರೆಗೆ ಬರೆಯಬೇಡಿ. ನಿಮ್ಮ ಉಪದೇಶ ಬಂದರೆ ಒಡೆಯದೆ ಒಲೆಗೆ.

ನಾದಿನಿ


ಜುಲೈ 9

ತಂಗಿ,

ಇದನ್ನು ಒಲೆಗೆ ಹಾಕಬೇಡ. ನಿನ್ನ ಕಾಗದ ಬಂದಂದಿನಿಂದ ಐದು ಸಲ ಬರೆದೆ, ಐದೂ ಹರಿದೆ. ಐದರಲ್ಲೂ ಚೆನ್ನಾಗಿ ತಮಾಷೆ ಇತ್ತು. ಇದರಲ್ಲಿ ಇಲ್ಲ.

ನಿನ್ನ ಫೋನು ಬೀರುವಿನಲ್ಲಿ. ಮೊನ್ನೆ ಕೋಲ್ಡ್ ಸ್ಟೋರೇಜ್ ಆಫೀಸಿಗೇ ಫೋನ್ ಮಾಡಿದೆ. ಎತ್ತಿದ್ದು ಗಡಿಯಾರ. "ಹಲೋ, ಯಾರಿದ್ದೀರಿ? ಯಾರಿದ್ದೀರಿ?" ಅಂದರು. ಇಟ್ಟುಬಿಟ್ಟೆ. ನಾನೇ ಬರೋಣವೆಂದು ನಿನ್ನೆ ಬಸ್ ಸ್ಟ್ಯಾಂಡಿಗೆ ಹೋದೆ. ಬಾಗಿಲು 'ಪುಸ್' ಅಂತು, ಕೆಳಗಿಳಿದುಬಿಟ್ಟೆ. ನಿಮ್ಮಣ್ಣನನ್ನು ಕಳಿಸಬಹುದಿತ್ತು. ಕಳಿಸಬೇಕಾದರೆ ಅವರಿಗೆ ಹೇಳಬೇಕಲ್ಲ.

ಆವತ್ತು ಒಂದಕ್ಕೆ ಹೊರಗೆ ಹೋದೆನಲ್ಲ. ಹೋಗುವಾಗ ಮೊಳೆಯಿಂದ ಬಿಲ್ಲೆ ತೆಗೆದೆ. ಒಂದೇ ಮೊಳೆಯಲ್ಲಿ ಎರಡು. ಕೈಗೆ ಎರಡೂ ಬಂದವು. ವಾಪಸ್ ಬಂದು ಹಾಕಬೇಕಿತ್ತು. ಚಳಿ, ಅವಸರ. ಕೋಟಿನ ಜೇಬಿನಲ್ಲೇ ಇಟ್ಟುಕೊಂಡು ಒಳಗೆ ಬಂದೆ.

ಹಲಗೆ ಖಾಲಿ ಇತ್ತು. ಅವರು ಹೇಳಿದ್ದು ನಿಜ.

ಕತ್ತಲಲ್ಲಿ ಕೈ ಬೆಚ್ಚಗೆ ಮಾಡಿಕೊಳ್ಳಲು ಜೇಬಿಗೆ ಕೈ ಹಾಕಿದಾಗ ಸಿಕ್ಕವು. ನನಗೆ ಬರುವ ಚಿತ್ರ ಬಾಗಿಲಲ್ಲ. ಅದು. ಬೆರಳಿಗೆ ಅಂಟಿದ ತಣ್ಣನೆಯ ಹಿತ್ತಾಳೆ. ಡಾಕ್ಟರಮ್ಮನಿಗೂ ಬಾಗಿಲು ಅಂತಲೇ ಹೇಳಿದ್ದೇನೆ.

ಹೊರಗೆ ಬಂದ ಮೇಲೆ ಎಲ್ಲರೂ ಅವರನ್ನೇ ಬೈಯುತ್ತಿದ್ದರು, ನೀನು ನನ್ನನ್ನು ತಬ್ಬಿಕೊಂಡು ಅಳುತ್ತಿದ್ದೆ. ಆಗ ಹೇಳಲಿಲ್ಲ. ಆಮೇಲೆ ಹೇಳಿಕೆ ಬರೆದೆ. ನಿನಗೂ ಸಹಿ ಹಾಕಿಸಿದೆ. ಎರಡೂ ಬಿಲ್ಲೆ ನನ್ನ ಪೆಟ್ಟಿಗೆಯ ತಳದಲ್ಲಿ, ಅದೇ ಕೋಟಿನ ಜೇಬಿನಲ್ಲಿವೆ. ಜೇಬಿನ ಬಾಯಿ ಹೊಲಿದಿದ್ದೇನೆ.

ಬಾಗಿಲು ಹಾಕಬೇಡ ತಂಗಿ. ಪಿನ್ನು ನನಗೆ ಹಾಕು.

ಅತ್ತಿಗೆ


ಜುಲೈ 14

ಇದುವರೆಗೆ ನಿಮಗೆ ಬಹುವಚನ ಕೊಟ್ಟಿದ್ದೆ. ಈ ಕಾಗದದಿಂದ ಅದನ್ನು ವಾಪಸ್ ತಗೊಂಡಿದ್ದೇನೆ.

ನಿನ್ನ ಪತ್ರ ನಿನ್ನೆ ಬಂತು. ಒಂದು ದಿನ ತಡ. ಒಲೆಗೆ ಹಾಕಲಿಲ್ಲ, ಓದಿದೆ. ಓದುವ ಮೊದಲೇ ಅದರಲ್ಲಿ ಏನಿದೆ ಅಂತ ಗೊತ್ತಿತ್ತು. ಹೇಗೆ ಅಂತ ಹೇಳುತ್ತೇನೆ, ಕೂತುಕೊಂಡು ಓದು. ಬಾಗಿಲು ತೆಗೆದಿಟ್ಟುಕೊಂಡೇ ಓದು, ಪಾಪ.

ಹನ್ನೊಂದೂವರೆಗೆ ಗಡಿಯಾರ ಬಂದ. ಕೈಗಡಿಯಾರ ಬಿಚ್ಚಿ ಮೊಳೆಗೆ ಹಾಕಿದ, ಬಿಲ್ಲೆ ಹಾಕಿದ, ಎರಡೂ ಇವೆಯಾ ಅಂತ ಮುಟ್ಟಿ ಮುಟ್ಟಿ ನೋಡಿ ಒಳಗೆ ಹೋದ. ಬಿಲ್ಲೆ ತೆಗೆದು ಜೇಬಿಗೆ ಹಾಕಿಕೊಂಡೆ. ಬಾಗಿಲು ಹಾಕಿದೆ. ದೀಪ ಆರಿಸಿದೆ. ಅವನ ಗಡಿಯಾರ ಕೈಗೆ ತಗೊಂಡೆ. ಎಂಥ ಸುಖ ಅಂತೀಯ! ವರ್ಷದಿಂದ ಅಂಥ ಉಸಿರು ಎಳೆದಿರಲಿಲ್ಲ. ಇನ್ನು ಪಿನ್ನು ಸಿಕ್ಕಿಸಬೇಕು. ಅದೇ ಜೇಬಿಗೆ ಕೈ ಹಾಕಿದೆ.

ಕಬ್ಬಿಣದ ಪಿನ್ನು ಹಿತ್ತಾಳೆ ಬಿಲ್ಲೆಗೆ ತಾಗಿತು. ಟಿಣ್.

ಎದೆ ಡಬಡಬ. ಕೈ ಜೋಮು. ಗಂಟಲಿಗೆ ಬಟ್ಟೆ. ಬಾಗಿಲ ಪಕ್ಕದ ಗೋಡೆಗೆ ಒರಗಿ ನೆಲದ ಮೇಲೆ ಕೂತೆ. ಸಾಯುತ್ತಿದ್ದೇನೆ ಅಂದುಕೊಂಡೆ, ಎಂದಿನ ಹಾಗೆ. ಆದರೆ ಈ ಸಲ ಎದೆಯ ಹಿಂದೆ ಚಿತ್ರ ಬಂತು. ಗೋಡೆ ಸರಿಯಿತು. ಕತ್ತಲು. ಕಂಪ್ರೆಸರ್ ಒಂದು ಗಳಿಗೆ ನಿಂತಿದೆ. ಎಲ್ಲ ಮೌನ. ನಿನ್ನ ಕೋಟಿನೊಳಗಿಂದ ಟಿಣ್ ಅಂತ ಒಂದು ಸದ್ದು. ನಾನು, "ಅತ್ತಿಗೆ, ಅದೇನು?" ಅಂದೆ. ನೀನು ಜೇಬನ್ನು ಒತ್ತಿ ಹಿಡಿದುಕೊಂಡು, ಹದಿಮೂರೊಂದ್ಲಿ ಹದಿಮೂರು, ಹದಿಮೂರೆರಡ್ಲಿ ಇಪ್ಪತ್ತಾರು, ಅಂತ ಕಿರುಚತೊಡಗಿದೆ.

ಧೈರ್ಯ ತುಂಬಿದೆಯಂತೆ! ವರ್ಷವಿಡೀ ನಿನ್ನ ಮಗ್ಗಿಯನ್ನು ಊರೆಲ್ಲ ಹೊಗಳಿಕೊಂಡು ಬಂದೆನಲ್ಲೇ. ನನ್ನ ಕಿವಿಗೆ ಆವತ್ತೇ ಗೊತ್ತಿತ್ತು. ನಾನು ಒಪ್ಪಲಿಲ್ಲ, ಅಷ್ಟೇ. ನಾನು ಒಪ್ಪದ್ದಕ್ಕೆ ಅದು ಬಸ್ಸಿನಲ್ಲಿ, ಅಂಗಡಿಯಲ್ಲಿ, ಟೀ ಲೋಟದಲ್ಲಿ ಹಿಂದೆ ಬಂದು ಎದೆ ತಟ್ಟುತ್ತಿತ್ತು. ಕಾರಣ ಇಲ್ಲದ ಕಾಯಿಲೆಯಂತೆ. ದಾಡಿ ಡಾಕ್ಟರಿಗೆ ಹೇಳಿದೆ. ಅವರು ಎರಡು ಪದ ಹೊಡೆದುಹಾಕಿ ಯೋಚಿಸಿ, ಮತ್ತೆ ಅದನ್ನೇ ಬರೆದು, ಪಕ್ಕದಲ್ಲಿ ನಿನ್ನ ನಾಲ್ಕನ್ನೂ ಸೇರಿಸಿದರು. ಈಗ ನನಗೆ ಆರು. ನೀನು ಸೋತೆ.

ಮುಂದೆ ಕೇಳು. ಪಿನ್ನು ಹಾಕಿರಲಿಲ್ಲ. ಹಿಡಿ ತಿರುಗಿಸಿದ್ದರೆ ಗಡಿಯಾರ ಹೊರಗೆ ಬರಬಹುದಿತ್ತು. ದಿನಾ ಹತ್ತು ಸಲ ತಿರುಗಿಸುವ ಹಿಡಿ. ಬರಲಿಲ್ಲ. ನಾಲ್ಕು ನಿಮಿಷ ಆದಮೇಲೆ ಗೋಡೆ ಹಿಡಿದು ಎದ್ದು ನಾನೇ ಬಾಗಿಲು ತೆಗೆದೆ. ಬಾಗಿಲಿಗೆ ಅಂಟಿಕೊಂಡೇ ನಿಂತಿದ್ದ. ಎರಡೂ ಕೈಯಲ್ಲಿ ಹಿಡಿ ಹಿಡಿದುಕೊಂಡಿದ್ದ, ತಿರುಗಿಸಿರಲಿಲ್ಲ. ಬಾಯಿ ತೆರೆದಿತ್ತು, ಉಸಿರು ಹೋಗುತ್ತಿರಲಿಲ್ಲ. ಆ ಮುಖ ನನಗೆ ಗೊತ್ತು, ಕೂದಲಂಗಡಿಯ ಕನ್ನಡಿಯಲ್ಲಿ ನೋಡಿದ್ದೇನೆ. ಬಾಗಿಲ ಆಚೆಗೆ ಅವನು, ಈಚೆಗೆ ನಾನು, ನಾಲ್ಕು ನಿಮಿಷ ಇಬ್ಬರೂ ಒಟ್ಟಿಗೇ ಸತ್ತಿದ್ದೆವು. ಒಂಬತ್ತು ಸಲ ಕೂಗುವುದು ನಾಟಕ ಅಂತ ಬರೆದಿದ್ದೆನಲ್ಲ. ಆ ಸಾಲು ಹೊಡೆದುಹಾಕು.

ನನ್ನ ಪಕ್ಕ ನೆಲದ ಮೇಲೆ ಕೂತ. ಉಸಿರು ಮರಳಿದ ಮೇಲೆ, "ನೀರು ಬೇಕೇನಮ್ಮ?" ಅಂದ. ನನಗೆ ಕೇಳುತ್ತಿದ್ದಾನೆ! ತನ್ನ ಹಲ್ಲು ಕಟಕಟ ಅನ್ನುತ್ತಿದೆ, ನನಗೆ ನೀರು.

"ನನ್ನ ಬಿಲ್ಲೆ ಇರ್ಲಿಲ್ವಾ ಹಲಗೇಲಿ?" ಅಂದ.

"ಇತ್ತು. ನಾನೇ ತೆಗ್ದೆ" ಅಂತ ಜೇಬಿನಿಂದ ತೆಗೆದು ಕೊಟ್ಟೆ. ಗಡಿಯಾರವನ್ನೂ ಕೊಟ್ಟೆ.

ಅದನ್ನು ಕಟ್ಟಿಕೊಂಡ. ಸಮಯ ನೋಡಲಿಲ್ಲ, ಮೊದಲ ಸಲ. "ಆವತ್ತು ಹಲಗೆ ನಿಜವಾಗ್ಲೂ ಖಾಲಿ ಇತ್ತಮ್ಮ" ಅಂದ. "ನನಗೇ ಅನುಮಾನ ಬಂದುಬಿಟ್ಟಿದೆ. ಇತ್ತೇನೋ, ನಂಗೇ ಕಾಣ್ಲಿಲ್ವೇನೋ ಅಂತ. ವರ್ಷದಿಂದ ಅದೇ ಲೆಕ್ಕ."

"ಖಾಲಿ ಇತ್ತು" ಅಂದೆ. "ನಂಗೊತ್ತು."

ಅವನು ಅತ್ತ. ಮುದುಕರು ಅಳುವುದು ನೋಡಲಾಗುವುದಿಲ್ಲ, ಅದರಲ್ಲೂ ನಾವು ಉಪ್ಪು ಕುಡಿಸಿದವರು. ಕಣ್ಣೊರೆಸಿಕೊಂಡು, "ಹಿಡಿ ಮಾತ್ರ ನಂದೇ ತಪ್ಪು. ನೋಡ್ದೇನೇ ಸರಿ ಇದೆ ಅಂತ ಬರ್ದಿದ್ದೆ" ಅಂದ. ಎಡಗಾಲಿನ ಚಪ್ಪಲಿ ಎಲ್ಲಿದೆ ಅಂತ ಅವನಿಗೆ ತೋರಿಸಿದೆ.

ಇನ್ನು ನಿನ್ನ ಲೆಕ್ಕ. ಪಿನ್ನು ನನಗೆ ಹಾಕು ಅಂತ ಬರೆದಿದ್ದೀಯ. ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ನಿನಗೆ ಬಾಗಿಲು ಹಾಕಿದರೆ ನೀನು ಒಳಗೆ ಕೂತು ಮಗ್ಗಿ ಹೇಳಿಕೊಳ್ಳುತ್ತೀಯ. ನಿನಗೆ ನಾನು ಬಾಗಿಲು ತೆಗೆಯುತ್ತೇನೆ.

ಇಪ್ಪತ್ತನೇ ತಾರೀಕು ಬರುತ್ತೀಯ. ಬಾಗಿಲು ತಾನೇ ಮುಚ್ಚಿಕೊಳ್ಳುವ ಬಸ್ಸಿನಲ್ಲೇ ಬರುತ್ತೀಯ, ಬೇರೆ ಬಸ್ಸಿಲ್ಲ. ಹೊರಡುವ ಮೊದಲು ಅಣ್ಣನಿಗೆ ಎಲ್ಲ ಹೇಳುತ್ತೀಯ, ಅವನ ಅಂಗಿಯ ಜೇಬು ಬಿಚ್ಚಿಕೊಡುತ್ತೀಯ. ಅದೇ ಕೋಟು ಹಾಕಿಕೊಳ್ಳುತ್ತೀಯ, ಬಿಸಿಲಿದ್ದರೆ ಬೆವರು. ಎರಡೂ ಬಿಲ್ಲೆ ಒಂದೇ ಜೇಬಿನಲ್ಲಿ. ಮ್ಯಾನೇಜರ ಕೋಣೆಯಲ್ಲಿ, ಗಡಿಯಾರನ ಮುಂದೆ, ಪ್ಯಾಕಿಂಗಿನ ಹೆಂಗಸರೆಲ್ಲರ ಮುಂದೆ, ಅವನ್ನು ಮೇಜಿನ ಮೇಲೆ ಇಟ್ಟು, ಹಲಗೆ ಖಾಲಿ ಇತ್ತು ಅಂತ ನಿನ್ನ ಬಾಯಲ್ಲಿ ಹೇಳುತ್ತೀಯ. ಒಳಹಿಡಿಯ ವಿಷಯ ಅವನು ಹೇಳುತ್ತಾನೆ. ಬಾಗಿಲು ಹಾಕಿದ್ದು, ನೋಡದೇ ಸಹಿ ಹಾಕಿದ್ದು ನಾನು ಹೇಳುತ್ತೇನೆ. ಯಾರನ್ನು ಕೆಲಸದಿಂದ ತೆಗೆಯುತ್ತಾರೋ ತೆಗೆಯಲಿ.

ನಾನು ಗೇಟಿನಲ್ಲಿ ನಿಂತಿರುತ್ತೇನೆ. ನೀನು ನಡೆದು ಬರುವಾಗ ಆ ಸದ್ದು ನನಗೆ ಕೇಳಿಸಬೇಕು. ಎದೆ ಹೊಡೆದುಕೊಳ್ಳುತ್ತದೆ, ಹೊಡೆದುಕೊಳ್ಳಲಿ. ಓಡಿಹೋಗುವುದಿಲ್ಲ. ನೀನು ಓಡಿಹೋಗದ ಹಾಗೆಯೂ ನೋಡಿಕೊಳ್ಳುತ್ತೇನೆ. ಇದೇ ನನ್ನ ಸೇಡು.

ಉಳಿದರ್ಧ ತಲೆಯ ಕೂದಲು ಇಪ್ಪತ್ತೊಂದಕ್ಕೆ ಕತ್ತರಿಸಿಕೊಳ್ಳುತ್ತೇನೆ. ಜೊತೆಗೆ ಬಂದು ಕೂರುವುದೂ ನಿನ್ನ ಶಿಕ್ಷೆಯೇ.

ನಾದಿನಿ


ಜುಲೈ 18

ತಂಗಿ,

ನಿಮ್ಮಣ್ಣನಿಗೆ ಹೇಳಿದೆ. ಕಿವಿಯಿಂದ ಪೆನ್ನು ತೆಗೆದು ಮೇಜಿನ ಮೇಲಿಟ್ಟರು. ಜೊತೆಗೆ ಬರಲಾ ಅಂದರು. ಬೇಡ ಅಂದೆ.

ಇಪ್ಪತ್ತಕ್ಕೆ ಬೆಳಗ್ಗೆ ಏಳರ ಬಸ್ಸು. ಈ ಕಾಗದಕ್ಕಿಂತ ನಾನೇ ಮೊದಲು ತಲುಪಬಹುದು. ಕಿಟಕಿ ಪಕ್ಕದ ಸೀಟು.

ಕೋಟಿನ ಹೊಲಿಗೆ ಬಿಚ್ಚಿದೆ. ಹಾಕಿಕೊಂಡು ಅಡುಗೆಮನೆಯಿಂದ ಬಾಗಿಲವರೆಗೆ ನಡೆದು ನೋಡಿದೆ. ನಡುವೆ ಎರಡು ಸಲ ಕೂತೆ.

ಕೇಳಿಸುತ್ತದೆ. ಗೇಟಿನವರೆಗೂ ಕೇಳಿಸುತ್ತದೆ.

ಅತ್ತಿಗೆ